ಕುರಿಯ ತೊಗಲನ್ನು ಮನೆಯಲ್ಲಿಯೇ ಹದಮಾಡುವ ಕ್ರಮ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮಳೆ ಕಡಮೆಯಾದ ಸೀಮೆ. ಬೆಳೆ ಕೈಕೊಟ್ಟ ವರ್ಷ ಇಲ್ಲಿನ ಅನೇಕ ಕುಟುಂಬಗಳಿಗೆ ಕುರಿಯ ಹಿಂಡೇ ಆಧಾರವು. ಆದರೆ ಕೊಯ್ದ ಕುರಿಯ ತೊಗಲು ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗಿ, ಉಣ್ಣೆಯುದುರಿ ನಿರುಪಯುಕ್ತವಾಗುವುದು. ಆದಕಾರಣ ಮೊದಲ ದಿನದ ಉಪ್ಪೇ ತೊಗಲಿಗೆ ರಕ್ಷೆ.

ಸುಲಿದ ಕೂಡಲೇ ಒಳಮೈಯ ಮಾಂಸ ಕೊಬ್ಬುಗಳನ್ನು ಮೊಂಡು ಚೂರಿಯಿಂದ ಕೆರೆದು, ತೊಗಲಿನ ತೂಕದ ಅರ್ಧದಷ್ಟು ಉಪ್ಪನ್ನು ತಿಕ್ಕಿ ನೆರಳಿನಲ್ಲಿ ಹರಡತಕ್ಕದ್ದು. ಬಳಿಕ ನೆನೆಸಿ ತೊಳೆದು, 4 ಲೀಟರು ನೀರಿಗೆ 500 ಗ್ರಾಂ ಪಟಿಕ ಮತ್ತು 250 ಗ್ರಾಂ ಉಪ್ಪಿನ ಪ್ರಮಾಣದಲ್ಲಿ ಕರಗಿಸಿದ ನೀರಿನಲ್ಲಿ ಮುಳುಗಿಸಿ, ದಿನವೂ ಮಗುಚಬೇಕು. ಲೋಹದ ಪಾತ್ರೆ ಸಲ್ಲದು. ದಪ್ಪನೆಯ ಭಾಗವನ್ನು ಮಡಿಚಿ ಹಿಂಡಿದಾಗ ಬಿಳಿಯ ಗೆರೆ ಮೂಡಿದರೆ ಹದವಾಯಿತೆಂದು ತಿಳಿಯಬೇಕು. ಅರೆ ಒಣಗಿದಾಗ ಹಲಗೆಯ ಅಂಚಿನ ಮೇಲೆ ಮೆತ್ತಗಾಗುವವರೆಗೆ ಎಳೆದೆಳೆದು ತಿಕ್ಕತಕ್ಕದ್ದು.

ಇಂತಹ ತೊಗಲು ಹಾಸಲು ಹೊದೆಯಲು ಯೋಗ್ಯವು. ತೊಳೆದರೆ ಪಟಿಕ ಕರಗಿಹೋಗಿ ಮತ್ತೆ ಗಡುಸಾಗುವುದು. ನೀರು ತಾಳಬೇಕಾದ ಚೀಲ, ವಾರುಗಳಿಗೆ ಕೂದಲು ತೆಗೆದು, ತಂಗಡಿಯ ತೊಗಟೆಯ ರಸದಲ್ಲಿ ಹದಮಾಡುವುದು ದಕ್ಷಿಣ ದೇಶದ ಹಳೆಯ ಪದ್ಧತಿ.

ಸಾಕುಮೊಲದ ತೊಗಲಿಗೂ ಪಟಿಕದ ಕ್ರಮವೇ ಒಪ್ಪುವುದು. ಅದು ತೆಳುವಾದುದರಿಂದ ಮೆಲ್ಲಗೆ ಕೆರೆಯಬೇಕು. ಕಾಡುಮೊಲವನ್ನು ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವು.

ಕಡೆಯದಾಗಿ, ಹಠಾತ್ತನೆ ಸತ್ತು ಮೂಗು ಬಾಯಿಗಳಿಂದ ರಕ್ತ ಸೋರಿದ ಕುರಿಯನ್ನು ಎಂದಿಗೂ ಸುಲಿಯಬಾರದು. ಅದು ಮನುಷ್ಯರಿಗೂ ಅಂಟುವ ನೆರಡಿ ರೋಗವಾಗಿರಬಹುದು. ತೊಗಲಿನ ಆಸೆಯನ್ನು ಬಿಟ್ಟು, ಪಶುವೈದ್ಯರಿಗೆ ತಿಳಿಸುವುದೇ ರೈತನಿಗೆ ಕ್ಷೇಮಕರವು.