ಮೆಣಸಿನಕಾಯಿಯೊಳಗೆ ಹುಳ ಹೊಕ್ಕಿದ್ದೆಲ್ಲಿಂದ?

ಲಕಲಕ ಹೊಳೆಯುವ ದೊಣ್ಣೆಮೆಣಸಿನಕಾಯಿ ಹೆಚ್ಚಿದರೆ ಒಳಗೊಂದು ಹಸಿರು ಹುಳ! ಮೇಲೆಲ್ಲೂ ತೂತು ಕಾಣದು. ತೊಟ್ಟಿನ ಬುಡ ಬಿಡಿಸಿ ನೋಡಿ, ಬಾಗಿಲು ಹೆಚ್ಚಾಗಿ ಅಲ್ಲೇ ಇರುತ್ತದೆ.

ಇದು ಕಾಯಿಕೊರಕ. ಇದರ ಪತಂಗ ಕತ್ತಲಾದ ಮೇಲೆ ಬಂದು ಎಳೆ ಎಲೆ, ಮೊಗ್ಗು, ಹೂಗಳ ಮೇಲೆ ಒಂದೊಂದೇ ಮೊಟ್ಟೆ ಇಟ್ಟುಹೋಗುತ್ತದೆ. ಮೂರ್ನಾಲ್ಕು ದಿನಕ್ಕೆ ಮೊಟ್ಟೆಯೊಡೆದ ಮರಿ ಮೊದಲು ಎಲೆ, ಹೂ ಕೆರೆದು ತಿನ್ನುತ್ತದೆ. ಕಾಯಿ ದಪ್ಪಗಾಗುತ್ತಿದ್ದಂತೆ ಕೊರೆದು ಒಳಸೇರಿ ಬೀಜಕ್ಕೆ ಬಾಯಿ ಹಾಕುತ್ತದೆ. ಔಷಧ ಅದಕ್ಕೆ ತಾಗುವುದು ಹೊರಗಿರುವ ಆ ಕೆಲವೇ ದಿನ. ಆಮೇಲೆ ಹೊಡೆದದ್ದು ಹುಳದ ಹೊಟ್ಟೆಗಲ್ಲ, ನಮ್ಮ ಹೊಟ್ಟೆಗೆ. ಕೊರೆದ ತೂತಿನಿಂದ ನೀರು, ಬೂಷ್ಟು ಒಳಗಿಳಿಯುತ್ತವೆ. ಒಣಗಿದ ಕಾಯಿ ಬಿಳಚಿಕೊಳ್ಳುತ್ತದೆ. ಬಣ್ಣದಿಂದಲೇ ಹೆಸರಾದ, 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಕಾಯಿ ಬಿಳಚಿಕೊಂಡರೆ ಬೆಲೆ ಎಲ್ಲಿ ಬಂತು?

ಇನ್ನೊಂದು ನೊಣದ ಜಾತಿಯ ಪುಟಾಣಿ ಕೀಟವಿದೆ. ಅದು ಮೊಗ್ಗಿನಲ್ಲೇ ಮೊಟ್ಟೆ ಸೇರಿಸಿಬಿಡುತ್ತದೆ. ಕಾಯಿ ಗಿಡ್ಡಗೆ, ಸೊಟ್ಟಗೆ ಬೆಳೆಯುತ್ತದೆ. ಅದರ ಮೇಲೆ ಕಾಣುವ ತೂತು ಕೀಟ ಹೊಕ್ಕಿದ್ದಲ್ಲ, ಹೊರಟುಹೋದದ್ದು!

ಥ್ರಿಪ್ಸ್ ನುಸಿಯ ಕಥೆ ಹಳೆಯದು. ನಮ್ಮಲ್ಲಿ ಎಲೆ ಮುಟುರು ಎನ್ನುವುದನ್ನೇ ಪೈಠಣ, ಸಿಲ್ಲೋಡದ ಮರಾಠಿ ರೈತರು 'ಚುರಡಾ ಮುರಡಾ' ಎನ್ನುತ್ತಾರೆ. ಎಷ್ಟು ಹತ್ತಿರದ ಮಾತು ನೋಡಿ! ಎಲೆ ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್, ಕೆಳಕ್ಕೆ ಬೋರಲಾದರೆ ಮೈಟ್ ನುಸಿ ಎಂಬುದು ಹೊಲದ ಲೆಕ್ಕ. ಆದರೆ 2021ರಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ಬಳ್ಳಾರಿ, ರಾಯಚೂರು ಕಡೆ ಎರಗಿದ ಕಪ್ಪು ಥ್ರಿಪ್ಸ್ ಎಲೆಗಿಂತ ಹೂವನ್ನೇ ಹಿಡಿಯಿತು. ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ ಇದು ಕಂಡುಬಂದ ವರದಿ 2015ರಲ್ಲೇ ಬಂದಿತ್ತು. ಹೂವಿನೊಳಗೆ ಗುಂಪಾಗಿ ಕುಳಿತು ಕೆರೆದು ರಸ ಹೀರುತ್ತದೆ. ಹೂ ಉದುರುತ್ತದೆ, ಕಚ್ಚಿದ ಅಲ್ಪಸ್ವಲ್ಪ ಕಾಯಿಯೂ ಸೊಟ್ಟ. ಎಷ್ಟೋ ರೈತರು ನಿಂತ ಗಿಡವನ್ನೇ ಕಿತ್ತುಹಾಕಿದರು.

ಭಯಕ್ಕೆ ಬಿದ್ದು ಔಷಧದ ಮೇಲೆ ಔಷಧ ಹೊಡೆದರೆ ಥ್ರಿಪ್ಸನ್ನು ತಿನ್ನುವ ಮಿತ್ರಕೀಟಗಳೇ ಮೊದಲು ಸಾಯುತ್ತವೆ. ಕೆಲವು ಔಷಧಗಳಿಂದಂತೂ ಮೈಟ್ ಇನ್ನಷ್ಟು ಹೆಚ್ಚುತ್ತದೆ. ಹಾಗಾಗಿ ಹೂ ಬಿಡುವ ಕಾಲದಲ್ಲೇ ದಿನಾ ಹೊಲ ಸುತ್ತಬೇಕು. ನಾಲ್ಕಾರು ಹೂ ಕಿತ್ತು ಬಿಳಿ ಕಾಗದದ ಮೇಲೆ ಕೊಡವಿದರೆ ಥ್ರಿಪ್ಸ್ ಓಡಾಡುವುದು ಕಾಣುತ್ತದೆ. ನೀಲಿ ಅಂಟು ಹಾಳೆ ಅದಕ್ಕೆ, ಲಿಂಗಾಕರ್ಷಕ ಬಲೆ ಪತಂಗಕ್ಕೆ. ನಡುನಡುವೆ ಚೆಂಡು ಹೂ ಹಾಕಿದರೆ ಕಾಯಿಕೊರಕದ ಪತಂಗ ಅದರತ್ತ ತಿರುಗುತ್ತದೆ. ಮಹಡಿಯ ಕುಂಡದಲ್ಲಿ ನಾಲ್ಕು ಗಿಡ ಇಟ್ಟವರಿಗೂ ಕಾಗದದ ಉಪಾಯ ಸಾಕು.