ರೋಮನ್ನರ ಕಾಲದ ಗೊರಸಿನ ಪಾದರಕ್ಷೆ



ಎತ್ತಿಗೆ ಲಾಳ ಹೊಡೆಸುವುದು ತಮಗೆಲ್ಲ ತಿಳಿದದ್ದೇ. ಸುಮಾರು 2,000 ವರ್ಷಗಳ ಹಿಂದೆ ರೋಮನ್ನರು ಮೊಳೆಯಿಲ್ಲದೆಯೂ ಗೊರಸು ಕಾಯುತ್ತಿದ್ದರು. ಕುದುರೆ, ಹೇಸರಗತ್ತೆಗಳ ಗೊರಸಿನಡಿ ಕಬ್ಬಿಣದ ತಟ್ಟೆಯಿಟ್ಟು, ಅದರ ಅಂಚಿನ ಕೊಕ್ಕೆಗಳಿಗೆ ತೊಗಲಿನ ಪಟ್ಟಿ ಇಲ್ಲವೆ ಹಗ್ಗ ಹಾಕಿ ಕಾಲಿಗೆ ಬಿಗಿಯುತ್ತಿದ್ದರು. ನಮ್ಮ ಚಪ್ಪಲಿಯಂತೆಯೇ ಅನ್ನಿ! ಉತ್ತರ ಇಂಗ್ಲೆಂಡಿನ ವಿಂಡೊಲಾಂಡ ಕೋಟೆಯಲ್ಲಿ 2018ರಲ್ಲಿ ನಾಲ್ಕೂ ಕಾಲಿನ ಪೂರ್ತಿ ಜೊತೆ ದೊರೆಯಿತು. ಸವೆತ ತಡೆಯಲೋ, ಗಾಯಕ್ಕೆ ಕಟ್ಟಿದ ಮದ್ದು ನಿಲ್ಲಿಸಲೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅಷ್ಟು ಭಾರ ಕಟ್ಟಿಕೊಂಡು ಕುದುರೆ ಓಡಲಾರದು. ನಿಧಾನ ನಡೆಯುವ ಪ್ರಾಣಿಗೇ ಇದು ಎಂದು ನನ್ನ ಅನಿಸಿಕೆ.

ನಮಗೆ ಹತ್ತಿರದ ಮಾತು ಬೇರೆಯೇ ಇದೆ. ಕ್ರಿ.ಶ. 1ನೇ ಶತಮಾನದ ಕೃಷಿ ಲೇಖಕ ಕೊಲುಮೆಲ್ಲ, ಗೊರಸು ನೊಂದ ಎತ್ತಿಗೆ ಚಿಕಿತ್ಸೆ ಮಾಡಿ ಹುಲ್ಲಿನ ನಾರಿನಿಂದ ಹೆಣೆದ ಪಾದರಕ್ಷೆ ತೊಡಿಸಲು ಹೇಳುತ್ತಾನೆ. ಜೊತೆಗೆ, ಆ ಕಾಲು ನೀರಿಗಿಳಿಯಬಾರದು, ಕೊಟ್ಟಿಗೆ ಒಣಗಿರಬೇಕು ಎನ್ನುತ್ತಾನೆ. ಗೊರಸು ಹುಣ್ಣಾದ ಹಸು ನೋಡಲು ಬಂದಾಗ ನಾನು ಮೊದಲು ಕೊಟ್ಟಿಗೆಯ ನೆಲವನ್ನೇ ನೋಡುವುದು ಇದಕ್ಕೇ. ಸಗಣಿ, ಗಂಜಲದಲ್ಲಿ ನಿಂತ ಕಾಲಿಗೆ ಎಂಥ ಪಟ್ಟಿ ಕಟ್ಟಿದರೂ ಅದು ನೆನೆದು, ಒಳಗಿನ ಗಾಯ ಕೊಳೆಯುತ್ತದೆ.