ಮೆಕ್ಕೆಜೋಳದಲ್ಲಿ ಕಡಿಮೆ ಬಿದ್ದ ಲೈಸಿನ್

ಮುಂಗಾರಿನ ಬೆಳೆ ಕೈಗೆ ಬಂದಾಗ ನ್ಯಾಮತಿ, ಹೊನ್ನಾಳಿ, ಜಗಳೂರು ಕಡೆ ಕಣ ಸಾಲದೆ ರಸ್ತೆಯ ಮೇಲೂ ಮೆಕ್ಕೆಜೋಳ ಒಣಗುತ್ತಿರುತ್ತದೆ. ಚನ್ನಗಿರಿ ಅಡಿಕೆಯತ್ತ ವಾಲಿದೆ. ಮಳೆಯನ್ನೇ ನಂಬಿದವರಿಗೆ ಇಂದಿಗೂ ಮೆಕ್ಕೆಜೋಳವೇ ದುಡ್ಡು. ಆದರೆ ಇದರಲ್ಲಿ ರೊಟ್ಟಿಯಾಗುವುದು ತೀರಾ ಕಡಿಮೆ. ಬಹುಪಾಲು ಕೋಳಿ ಆಹಾರದ ಮಿಲ್ಲಿಗೋ ಪಿಷ್ಟದ ಕಾರ್ಖಾನೆಗೋ ಹೋಗುತ್ತದೆ. ಮಿಲ್ಲಿನಲ್ಲಿ ಬರೀ ಮೆಕ್ಕೆಜೋಳವನ್ನು ಕೋಳಿಗೆ ಹಾಕುವುದಿಲ್ಲ. ಸೋಯಾ ಹಿಂಡಿ ಸೇರಿಸುತ್ತಾರೆ, ಅದರ ಮೇಲೆ ಲೈಸಿನ್ ಎಂಬ ಪುಡಿಯನ್ನೂ ತೂಗಿ ಬೆರೆಸುತ್ತಾರೆ.

ಈ ಪುಡಿ ಏಕೆ ಬೇಕು?

ನಾವು ತಿಂದ ಪ್ರೋಟೀನ್ ಹಾಗೇ ಮೈಗೆ ಹತ್ತುವುದಿಲ್ಲ. ಮೊದಲು ಅದು ಅಮೈನೋ ಆಮ್ಲಗಳಾಗಿ ಬಿಡಿಬಿಡಿಯಾಗಬೇಕು. ಬರೀ ನೀರಿನಲ್ಲಿಟ್ಟರೆ ಪ್ರೋಟೀನಿನ ಒಂದು ಕೊಂಡಿ ತಾನಾಗಿ ಕಳಚಲು ನೂರಾರು ವರ್ಷ ಹಿಡಿಯುತ್ತದೆ. ಹೊಟ್ಟೆಯಲ್ಲಿ ಅದೇ ಕೆಲಸ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಮಾಡುವವು ಕಿಣ್ವಗಳು, ಅಂದರೆ ಎನ್‌ಜೈಮುಗಳು. ಜಠರದಲ್ಲಿ ಪೆಪ್ಸಿನ್, ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್. ಟ್ರಿಪ್ಸಿನ್ ಸಿಕ್ಕಸಿಕ್ಕಲ್ಲಿ ಕತ್ತರಿಸುವುದಿಲ್ಲ, ಲೈಸಿನ್ ಅಥವಾ ಅರ್ಜಿನಿನ್ ಎಂಬ ಅಮೈನೋ ಆಮ್ಲ ಇರುವ ಜಾಗದಲ್ಲಿ ಮಾತ್ರ. ಮೇದೋಜೀರಕ ಗ್ರಂಥಿ ಅದನ್ನು ನಿಷ್ಕ್ರಿಯ ರೂಪದಲ್ಲೇ ಕಳಿಸುತ್ತದೆ. ಕರುಳಿಗೆ ಬಂದಮೇಲೆ ಇನ್ನೊಂದು ಕಿಣ್ವ ಅದನ್ನು ಎಬ್ಬಿಸುತ್ತದೆ. ಮೊದಲೇ ಎದ್ದಿದ್ದರೆ ಅದು ತನ್ನನ್ನು ಹೆತ್ತ ಗ್ರಂಥಿಯನ್ನೇ ಜೀರ್ಣಿಸೀತು! ಈ ಕಿಣ್ವಗಳೂ ಪ್ರೋಟೀನುಗಳೇ ಎಂಬುದನ್ನು ಮರೆಯಬಾರದು.

ಬಿಡಿಯಾದದ್ದನ್ನು ಮತ್ತೆ ಕಟ್ಟುವ ಜಾಗ ಜೀವಕೋಶದೊಳಗಿನ ರೈಬೋಸೋಮ್. ಡಿಎನ್ಎಯಲ್ಲಿರುವ ಆದೇಶದ ನಕಲು ಅಲ್ಲಿಗೆ ಬರುತ್ತದೆ. ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲದಂತೆ ಸರಪಳಿ ಬೆಳೆಯುತ್ತದೆ. ಈ ಅಕ್ಷರಗಳ ಗುಟ್ಟು ಬಿಡಿಸಿದವರಲ್ಲಿ ಒಬ್ಬರಾದ ಹರ್‌ಗೋಬಿಂದ್ ಖೊರಾನಾ ಅವರಿಗೆ 1968ರಲ್ಲಿ ನೊಬೆಲ್ ಬಂತು. ರೈಬೋಸೋಮಿನ ರಚನೆಯನ್ನು ತೋರಿಸಿಕೊಟ್ಟ ಚಿದಂಬರಂ ಮೂಲದ ವೆಂಕಿ ರಾಮಕೃಷ್ಣನ್ ಅವರಿಗೆ 2009ರಲ್ಲಿ. ಕಟ್ಟುವ ಕೆಲಸದಲ್ಲಿ ರಾಜಿ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ, ಎಂಟನೆಯದೇ ಲೈಸಿನ್. ಅದಿಲ್ಲ ಎಂದು ಪಕ್ಕದ್ದನ್ನು ತಂದು ಕೂರಿಸುವಂತಿಲ್ಲ. ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಒಂಬತ್ತನ್ನು ನಮ್ಮ ಮೈ ತಯಾರಿಸಿಕೊಳ್ಳಲಾರದು, ಲೈಸಿನ್ ಅವುಗಳಲ್ಲೊಂದು. ಊಟದಲ್ಲಿ ಸಿಗದಿದ್ದರೆ ಸ್ನಾಯುವನ್ನೇ ಒಡೆದು ಪಡೆಯುತ್ತದೆ. ಬೆಳೆಯುವ ಮಗುವಿಗೆ ಇದು ಸಣ್ಣ ನಷ್ಟವಲ್ಲ.

ಮೆಕ್ಕೆಜೋಳದ ಎಡವಟ್ಟು ಇಲ್ಲೇ. ಅದರ ಪ್ರೋಟೀನಿನಲ್ಲಿ ಸುಮಾರು ಅರ್ಧದಷ್ಟು ಝೀನ್ ಎಂಬ ಬಗೆ, ಅದರಲ್ಲಿ ಲೈಸಿನ್ ಇಲ್ಲವೆನ್ನುವಷ್ಟು ಕಡಿಮೆ. 1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಓಪೇಕ್-2 ಎಂಬ ತಳಿಯ ಕಾಳಿನಲ್ಲಿ ಲೈಸಿನ್ ಸುಮಾರು ಎರಡು ಪಟ್ಟು ಇರುವುದನ್ನು ಕಂಡರು. ಒಂದೇ ಒಂದು ವಂಶವಾಹಿ ಕೆಟ್ಟದ್ದರಿಂದ ಝೀನ್ ಪ್ರೋಟೀನು ಕುಗ್ಗಿತ್ತು, ಕಾಳಿನಲ್ಲಿ ಲೈಸಿನ್ನನ್ನು ಒಡೆದುಹಾಕುವ ಕಿಣ್ವವೂ ಇಳಿದಿತ್ತು. ಆದರೆ ಕಾಳು ಮೆತ್ತಗೆ, ಇಳುವರಿ ಕಡಿಮೆ, ಹುಳುವಿನ ಕಾಟ ಹೆಚ್ಚು. ಯಾವ ರೈತ ಒಪ್ಪಿಯಾನು? ಮೆಕ್ಸಿಕೋದಲ್ಲಿ ಇವಾಂಜಲೀನಾ ವಿಯೇಗಾಸ್ ಮತ್ತು ಭಾರತದ ಸುರಿಂದರ್ ವಾಸಲ್ ವರ್ಷಗಟ್ಟಲೆ ದುಡಿದು ಕಾಳನ್ನು ಗಟ್ಟಿಮಾಡಿದರು. 2000ದಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ಬಂತು. ನಮ್ಮಲ್ಲೂ ಅಂಥ ತಳಿಗಳು ಬಂದಿವೆ. ಆದರೆ ಮಾರುಕಟ್ಟೆಯಲ್ಲಿ ನೋಡುವುದು ತೂಕ ಮತ್ತು ತೇವಾಂಶ. ಲೈಸಿನ್ನಿಗೆ ಅಲ್ಲಿ ದರವಿಲ್ಲ.

ತಳಿಗಾಗಿ ಕಾಯಬೇಕಾಗಿಲ್ಲ. ಜೋಳ, ರಾಗಿ, ನವಣೆ, ಅಕ್ಕಿ ಎಲ್ಲದರಲ್ಲೂ ಲೈಸಿನ್ ಕೊರತೆಯೇ. ತೊಗರಿ, ಅವರೆ, ಅಲಸಂದೆಯಲ್ಲಿ ಅದು ಧಾರಾಳ. ಈ ಬೇಳೆಕಾಳಿನಲ್ಲಿ ಕಡಿಮೆಯಿರುವ ಮಿಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಧಾನ್ಯದಲ್ಲಿದೆ. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕಿದ ಹೊಲದಲ್ಲಿ ಎರಡೂ ಸಿಗುತ್ತವೆ. ಆದರೆ ತಟ್ಟೆಯಲ್ಲಿ ಅನ್ನ ಗುಡ್ಡೆಯಾಗಿ, ಸಾರು ತಿಳಿಯಾದಷ್ಟೂ ಲೆಕ್ಕ ತಪ್ಪುತ್ತದೆ. ಕೋಳಿಗೆ ಗ್ರಾಂ ಲೆಕ್ಕದಲ್ಲಿ ಲೈಸಿನ್ ತೂಗುವ ನಾವು ಮಕ್ಕಳ ಊಟಕ್ಕೆ ಅಷ್ಟು ತಲೆ ಕೆಡಿಸಿಕೊಂಡಿಲ್ಲ ಎನ್ನದೆ ವಿಧಿಯಿಲ್ಲ. ಶಾಲೆಯ ಬಿಸಿಯೂಟದ ಜೊತೆ ಕೊಡುವ ಮೊಟ್ಟೆಯಲ್ಲಿ ಆ ಒಂಬತ್ತೂ ಅಮೈನೋ ಆಮ್ಲಗಳಿವೆ. ಮೊಟ್ಟೆ ತಿನ್ನದ ಮನೆಯವರು ಮಗುವಿನ ಮುದ್ದೆಗೋ ರೊಟ್ಟಿಗೋ ದಿನವೂ ಒಂದು ಸೌಟು ಗಟ್ಟಿ ಬೇಳೆ ಹೆಚ್ಚು ಬಡಿಸಲಿ.